ಪದಚರ್ಚೆ: ಸೈನಿಕರ ಹೆಲ್ಮೆಟ್, ಟೋಪಿ, ರುಮಾಲು ಎಲ್ಲಕ್ಕೂ ಸೇರಿ ಒಂದು ಪದ ಬೇಕು (ನಾಳೆ ಸಂಜೆಯೊಳಗೆ)

ಬಳ್ಳಾರಿಯಿಂದ ಪ್ರಶ್ನೆ

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಅವಸರ ಇದೆ.

ನಮ್ಮ ಸೋದರಮಾವ ಮೂವತ್ತು ವರ್ಷದಿಂದ ಹಳೇ ಸೈನ್ಯಗಳ ತಲೆಯ ಸಾಮಾನು ಕೂಡಿಹಾಕುತ್ತಿದ್ದಾರೆ. ಕೆಲವು ಅಸಲಿ, ಕೆಲವು ಮಾಡಿಸಿದ ನಕಲು. ಒಂದೊಂದು ಕಾಲದ್ದೂ ಒಂದಾದರೂ ಇರಲೇಬೇಕು ಅನ್ನೋದು ಅವರ ಹಟ. ಈ ಭಾನುವಾರ ಕೌಲ್ ಬಜಾರಿನ ನಮ್ಮ ಮನೆ ಮಹಡಿಯಲ್ಲಿ ಶಾಲೆ ಮಕ್ಕಳಿಗೆ ತೋರಿಸುತ್ತೇವೆ. ಬಾಗಿಲ ಮೇಲೆ ಬೋರ್ಡು ಬೇಕು.

ಇರೋದು ಇಂಥವು. ಪ್ರಷ್ಯದವರು 1842ರಲ್ಲಿ ತಂದ, ನೆತ್ತಿ ಮೇಲೆ ಲೋಹದ ಮೊನೆ ಇರುವ ಚರ್ಮದ ಪಿಕೆಲ್‌ಹೌಬ. 1915ರ ಫ್ರೆಂಚ್ ಆಡ್ರಿಯನ್ ಹೆಲ್ಮೆಟ್. ಅದೇ ವರ್ಷದ ಬ್ರಿಟಿಷ್ ಬ್ರೋಡಿ, ಬೋಗುಣಿ ಬೋರಲು ಹಾಕಿದ ಹಾಗೆ. ಕಿವಿ, ಕತ್ತು ಮುಚ್ಚುವ 1916ರ ಜರ್ಮನ್ ಉಕ್ಕಿನದು. ಮೊಗಲರ ಕಾಲದ ಮಾದರಿಯ ಕುಲಾಹ್ ಖೂದ್: ಉಕ್ಕಿನ ಬಟ್ಟಲು, ಕತ್ತಿನ ಸುತ್ತ ಸರಪಳಿಯ ಬಲೆ, ಮೂಗಿನ ಮುಂದೆ ಏರಿಸಿ ಇಳಿಸುವ ಪಟ್ಟಿ. ಜೊತೆಗೆ ಬೆಂಡಿನ ಹ್ಯಾಟು, ಸಿಪಾಯಿಯ ರುಮಾಲು, ಮೆತ್ತನೆ ಬಟ್ಟೆಯ ಚಪ್ಪಟೆ ಬೆರೇ ಟೋಪಿ (ಬ್ಯಾರೆ ಟೋಪಿ ಅಲ್ಲ, ಬೆರೇ).

ಹೋದ ಸಲ ‘ಶಿರಸ್ತ್ರಾಣ’ ಅಂತ ಬರೆಸಿದ್ದೆವು. ಫ್ಲೆಕ್ಸ್ ಅಂಗಡಿಯವರ ಫಾಂಟಿನಲ್ಲಿ ಒತ್ತುಗಳು ಎಲ್ಲೆಲ್ಲೋ ಹೋಗಿ ಕೂತವು. ಅದು ಬಿಡಿ, ಬೆರೇ ಟೋಪಿಗೆ ತ್ರಾಣ ಎಲ್ಲಿಂದ ಬರಬೇಕು? ಗುಂಡು ಹೋಗಲಿ, ಬಿಸಿಲನ್ನೂ ಸರಿಯಾಗಿ ತಡೆಯಲ್ಲ. ‘ಟೋಪಿ ಪ್ರದರ್ಶನ’ ಅಂದರೆ ಯಾರು ಯಾರಿಗೆ ಹಾಕಿದ್ದು ಅಂತ ಜನ ಕೇಳುತ್ತಾರೆ.

ಒಂದೇ ಪದ ಇದ್ದರೆ ಹೇಳಿ.

ಕೊಪ್ಪಳದಿಂದ

ತಲೆಗಾಪು. ತಲೆಗೆ ಕಾಪು, ಅಂದರೆ ರಕ್ಷಣೆ. ಆದೇಶ ಸಂಧಿ ಇಲ್ಲಿ ಯಾರಿಗೂ ಹೇಳಿಕೊಡಬೇಕಿಲ್ಲ. ಮೈಗಾವಲು ಇದ್ದ ಮೇಲೆ ತಲೆಗಾಪು ಇರಬಾರದೇ? ಒತ್ತಕ್ಷರ ಒಂದೂ ಇಲ್ಲ, ಫ್ಲೆಕ್ಸಿನವರಿಗೂ ಸುಲಭ. ಚರ್ಚೆ ಮುಗಿಯಿತು.

ರಾಯಚೂರಿನಿಂದ

ಮುಗಿದಿಲ್ಲ. ತಲೆಗಾಪು ಯಾರ ಬಾಯಲ್ಲೂ ಇಲ್ಲದ ಪದ. ಹೊಸದಾಗಿ ಹೊಸೆಯುವ ಮೊದಲು ಹಳೆಯದನ್ನು ಓದಬೇಕು. ಗದುಗಿನ ಭಾರತದ ಯುದ್ಧ ಪರ್ವಗಳಲ್ಲಿ ‘ಸೀಸಕ’ ಬರುತ್ತದೆ. ಶೀರ್ಷಕದ ತದ್ಭವ. ಅದೇ ಬೇರಿನ ಶೀರ್ಷಿಕೆಯನ್ನು ದಿನಾ ಪೇಪರಿನಲ್ಲಿ ಓದುತ್ತೀರಿ, ಅಣ್ಣ ಬೇಕು ತಮ್ಮ ಬೇಡವೇ? ಮೈಗೆ ಜೋಡು (ಕವಚ), ತಲೆಗೆ ಸೀಸಕ. ನಲವತ್ತು ವರ್ಷ ಪಾಠ ಹೇಳಿದವನ ಮಾತು ಕೇಳಿ.

ಕೊಪ್ಪಳದಿಂದ

ಯಾರ ಬಾಯಲ್ಲೂ ಇಲ್ಲ ಅಂದಿರಿ. ಹೆಲ್ಮೆಟ್ ಎಲ್ಲರ ಬಾಯಲ್ಲೂ ಇದೆ ಸರ್, ಎಷ್ಟು ಜನರ ತಲೆ ಮೇಲಿದೆ? ಸೀಸಕ ಅಂದರೆ ಮಕ್ಕಳು ಸೀಸ ಅಂತಲೇ ಓದುತ್ತಾರೆ. ಬ್ರೋಡಿ ಹೆಲ್ಮೆಟ್ಟಿಗೆ ಹಾಕಿದ್ದು ಮ್ಯಾಂಗನೀಸ್ ಉಕ್ಕು. ಸಂಡೂರಿನ ಗಣಿ ಪಕ್ಕದಲ್ಲಿರುವ ಊರಲ್ಲಿ ಅದನ್ನು ಸೀಸ ಅಂತ ತೋರಿಸುತ್ತೀರಾ?

ಬಳ್ಳಾರಿಯ ಇನ್ನೊಬ್ಬರಿಂದ

ಇಬ್ಬರೂ ಹಂಪಿಯನ್ನು ಮರೆತಿದ್ದೀರಿ. ‘ಕುಲಾವಿ’ ಯಾಕೆ ಆಗಬಾರದು? ತಿರುಮಲೆಯಲ್ಲಿ ಕೃಷ್ಣದೇವರಾಯನ ಲೋಹದ ಮೂರ್ತಿ ನೋಡಿ. ತಲೆ ಮೇಲೆ ಉದ್ದನೆಯ ಟೊಪ್ಪಿಗೆ, ಅದೇ ಕುಲಾವಿ. 1520ರ ಹೊತ್ತಿಗೆ ವಿಜಯನಗರಕ್ಕೆ ಬಂದ ಪೋರ್ಚುಗೀಸ್ ಪ್ರವಾಸಿ ಪಾಯೆಸ್ ರಾಯನ ಜರತಾರಿ ಟೋಪಿ ನೋಡಿ, ಗಲೀಷಿಯಾ ಕಡೆಯ ಹೆಲ್ಮೆಟ್ಟಿನ ಹಾಗಿದೆ ಅಂತ ಬರೆದಿದ್ದಾನೆ. ಅಂದರೆ ನೋಡಿದವನ ಕಣ್ಣಿಗೇ ಟೋಪಿ, ಹೆಲ್ಮೆಟ್ ಒಂದಾಗಿ ಕಂಡಿವೆ. ನಿಮ್ಮ ಪ್ರಶ್ನೆಗೆ ಉತ್ತರ ಅಲ್ಲೇ ಇದೆ.

ಮೂಲ ಪಾರಸಿಯ ಕುಲಾಹ್. ನಿಮ್ಮ ಮಾವನವರ ಕುಲಾಹ್ ಖೂದ್‌ನ ಮೊದಲರ್ಧ ಅದೇ. ಆ ರಾಯನೇ ಎರವಲು ಟೋಪಿಯನ್ನು ಎರವಲು ಹೆಸರಿನ ಸಮೇತ ಇಟ್ಟುಕೊಂಡ. ಅದೇ ಹೊತ್ತಿನಲ್ಲಿ ರಾಯಚೂರಿಗಾಗಿ ಆದಿಲ್‌ಶಾಹಿಯ ಜೊತೆ ಕಾದಾಡಿದ. ಅವನಿಗಿಲ್ಲದ ಮಡಿ ನಮಗೆ ಯಾಕೆ?

ರಾಯಚೂರಿನಿಂದ

ಕುಲಾವಿ ಈಗ ಬಾಣಂತಿ ಮನೆಯ ಮಾತು. ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸಿದರು ಅನ್ನೋ ಗಾದೆಯಲ್ಲಿ ಉಳಿದಿದೆ. ಜರ್ಮನ್ ಸಿಪಾಯಿಗೆ ಕೂಸಿನ ಟೋಪಿ ತೊಡಿಸಬೇಡಿ.

ಕೊಪ್ಪಳದಿಂದ

ಈ ಒಂದಕ್ಕೆ ಮಾಸ್ತರರ ಜೊತೆ ನಾನೂ ಇದ್ದೇನೆ. ರಾಯ ಎರವಲು ತಂದ ಅಂತ ನಾವೂ ತರುತ್ತಲೇ ಇದ್ದರೆ ಕನ್ನಡಕ್ಕೆ ಉಳಿಯುವುದು ವಿಭಕ್ತಿ ಪ್ರತ್ಯಯ ಮಾತ್ರ.

ಬಳ್ಳಾರಿಯ ಇನ್ನೊಬ್ಬರಿಂದ

ಪ್ರತ್ಯಯ ಉಳಿದರೆ ಸಾಕಲ್ವಾ? ಪ್ರದರ್ಶನ ನಡೆಯುವುದು ಕೌಲ್ ಬಜಾರಿನಲ್ಲಿ. ಕೌಲು ಅರಬ್ಬಿ, ಬಜಾರು ಪಾರಸಿ. ‘ಅಲ್ಲಿ’ ಮಾತ್ರ ನಮ್ಮದು. ಆದರೂ ಆಟೋದವನಿಗೆ ಅರ್ಥವಾಗುತ್ತದೆ.

ಇನ್ನು ರುಮಾಲು. ಪಾರಸಿಯಲ್ಲಿ ರೂ ಅಂದರೆ ಮುಖ, ಮಾಲ್ ಅಂದರೆ ಒರೆಸುವಂಥದ್ದು. ಕೈವಸ್ತ್ರ ಅದು. ನಮ್ಮ ಕಡೆಗೆ ಬಂದು ಉದ್ದವಾಗಿ ಬೆಳೆದು ತಲೆಗೇರಿತು. ಹಿಂದಿಯವರು ಇಂದಿಗೂ ಅದನ್ನು ಜೇಬಲ್ಲಿಟ್ಟುಕೊಳ್ಳುತ್ತಾರೆ, ನಮ್ಮ ಹಿರಿಯರು ಅದನ್ನು ಸುತ್ತಿಕೊಂಡು ಪಂಚಾಯ್ತಿಗೆ ಕೂತರು. ಪದ ತಂದಿದ್ದು ನಿಜ, ಅರ್ಥ ಕೊಟ್ಟಿದ್ದು ನಾವೇ. ಅದು ಎರವಲೋ ಸ್ವಂತವೋ, ಕೊಪ್ಪಳದವರು ತೀರ್ಮಾನಿಸಲಿ.

ಕೊಪ್ಪಳದಿಂದ

ತೀರ್ಮಾನಿಸಿದ್ದೇನೆ. ಎರವಲು.

ಬಳ್ಳಾರಿಯಿಂದ, ಪ್ರಶ್ನೆ ಕೇಳಿದವಳು

ಸರ್, ಎಲ್ಲರಿಗೂ ಒಂದು ವಿನಂತಿ. ನನಗೆ ಬೋರ್ಡು ಬೇಕು. ಅಂಗಡಿಯವನು ಎರಡು ಸಲ ಫೋನ್ ಮಾಡಿದ. ‘ಸೈನಿಕರು ತೊಟ್ಟ ತಲೆಯುಡುಪು’ ಅಂತ ಹಾಕಿದರೆ ನಡೆಯುತ್ತಾ?

ರಾಯಚೂರಿನಿಂದ

ನಡೆಯುವುದಿಲ್ಲ ತಾಯಿ. ಅಂಗಿ ತೊಡುತ್ತೇವೆ. ರುಮಾಲು ಸುತ್ತುತ್ತೇವೆ. ಕಿರೀಟ ಇಡುತ್ತೇವೆ. ಟೋಪಿ ಹಾಕಿಕೊಳ್ಳುತ್ತೇವೆ, ಬೇರೆಯವರಿಗೆ ಹಾಕಿದರೆ ಅರ್ಥವೇ ಬೇರೆ. ವಿಜಯನಗರದ ಆಸ್ಥಾನಕ್ಕೆ ಬಂದ ತೆಲುಗಿನ ಶ್ರೀನಾಥನ ಹೆಸರಲ್ಲಿ ಒಂದು ಚಾಟು ಪದ್ಯ ಇದೆ. ಕುಲಾವಿ ಇಟ್ಟೆ, ಬಟ್ಟೆ ಸುತ್ತಿದೆ, ಅಂಗಿ ತೊಟ್ಟೆ ಅಂತ ಅವನು ಗೋಳಾಡುತ್ತಾನೆ. ಮೂರಕ್ಕೂ ಮೂರು ಕ್ರಿಯಾಪದ. ತೆಲುಗಿನವನಿಗೂ ಗೊತ್ತಿತ್ತು. ಒಂದೇ ನಾಮಪದ ಹುಡುಕಿದ್ದೇ ನಿಮ್ಮ ತಪ್ಪು. ಕ್ರಿಯಾಪದವೇ ಒಂದಾಗದ ಕಡೆ ನಾಮಪದ ಹೇಗೆ ಒಂದಾಗುತ್ತದೆ?

ಬಳ್ಳಾರಿಯ ಇನ್ನೊಬ್ಬರಿಂದ

ಕುಲಾವಿ ಬೇಡ ಅಂದವರೇ ಕುಲಾವಿಯ ಪದ್ಯ ತಂದರು. ಸಂತೋಷ.

ಬಳ್ಳಾರಿಯಿಂದ, ಪ್ರಶ್ನೆ ಕೇಳಿದವಳು

ನಿಮ್ಮ ಮೇಲ್‌ಗಳನ್ನೆಲ್ಲ ಮಾವನಿಗೆ ಓದಿ ಹೇಳಿದೆ. ಅವರು ಬ್ರೋಡಿ ಒರೆಸುತ್ತಾ ಕೇಳಿಸಿಕೊಂಡರು. “ತೊಟ್ಟದ್ದೂ ಬೇಡ, ಸುತ್ತಿದ್ದೂ ಬೇಡ, ತಲೆ ಮೇಲೆ ಇತ್ತು ತಾನೇ? ಅಷ್ಟೇ ಬರಿ” ಅಂದರು. ಹಾಗಾಗಿ ಬೋರ್ಡಿನಲ್ಲಿ:

ಸೈನಿಕರ ತಲೆಯ ಮೇಲೆ: ರುಮಾಲಿನಿಂದ ಹೆಲ್ಮೆಟ್ಟಿನವರೆಗೆ

ಚೀಟಿಗಳಲ್ಲಿ ಒಂದೊಂದಕ್ಕೂ ಅದರದೇ ಹೆಸರು. ಉಕ್ಕಿನವುಗಳ ಕಪಾಟಿಗೆ ಮಾತ್ರ ‘ಸೀಸಕ’ ಅಂತ ಬರೆದು, ಕೆಳಗೆ ‘ಸೀಸದ್ದಲ್ಲ’ ಅಂತ ಸಣ್ಣದಾಗಿ ಹಾಕುತ್ತೇನೆ. ಕೊಪ್ಪಳದ ಸರ್ ಬೇಜಾರು ಮಾಡಿಕೊಳ್ಳಬಾರದು.

ಕೊಪ್ಪಳದಿಂದ

ಬೇಜಾರಿಲ್ಲ. ಆದರೆ ‘ಹೆಲ್ಮೆಟ್ಟಿನವರೆಗೆ’ ತಪ್ಪು. ಬ್ರಿಟಿಷ್ ಟ್ಯಾಂಕ್ ದಳಕ್ಕೆ ಬೆರೇ ಟೋಪಿ ಬಂದದ್ದು 1924ರಲ್ಲಿ. ನೀವು ಹೇಳಿದ ಹೆಲ್ಮೆಟ್ಟುಗಳೆಲ್ಲ ಅದಕ್ಕಿಂತ ಹಿಂದಿನವು.

ಬಳ್ಳಾರಿಯಿಂದ, ಪ್ರಶ್ನೆ ಕೇಳಿದವಳು

ಫ್ಲೆಕ್ಸ್ ಪ್ರಿಂಟ್ ಆಯ್ತು ಸರ್.