ಅಥೆಂಟಿಕ್ ಮಾರ್ಕೆಟಿಂಗ್: ಅಸಲಿಯಾ, ಅಪ್ಪಟವಾ, ಅಧಿಕೃತವಾ?

ಎಲ್ಲರಿಗೂ ನಮಸ್ಕಾರ. ಮೈಸೂರಿನಲ್ಲಿ ಇಂಟೀರಿಯರ್ ಕೆಲಸ ಮಾಡುವ ಇಬ್ಬರು ಗೆಳತಿಯರಿಗೆ ಇನ್‌ಸ್ಟಾಗ್ರಾಂ ಬರಹ ಬರೆದುಕೊಡುತ್ತೇನೆ. ಡಿಸೈನರುಗಳು ತಮ್ಮ ಕೆಲಸವನ್ನು ಸೋಷಿಯಲ್ ಮೀಡಿಯಾದಲ್ಲಿ ಹೇಗೆ ತೋರಿಸಬೇಕು ಅಂತ ಒಂದು ಕೈಪಿಡಿ ಬರೆಯಲು ಕೂತೆ. ಮೊದಲ ಸಾಲಿನಲ್ಲೇ 'ಅಥೆಂಟಿಕ್ ಮಾರ್ಕೆಟಿಂಗ್' ಅಡ್ಡ ಬಂತು: ಈ 'ಅಥೆಂಟಿಕ್'ಗೆ ಕನ್ನಡದಲ್ಲಿ ಏನನ್ನೋದು?

ಅನುವಾದದ ಆ್ಯಪ್ 'ಅಧಿಕೃತ' ಎಂದಿತು. ಅದು ಆಗುವುದಿಲ್ಲ. ಅಧಿಕೃತ ಮಾರಾಟಗಾರ, ಅಧಿಕೃತ ಪ್ರಕಟಣೆ ಸರಿ. ಆದರೆ ಅಧಿಕೃತ ಖಾತೆಯಲ್ಲೇ ಬರೀ ಸುಳ್ಳು ಬರಬಹುದಲ್ವಾ?

'ಅಪ್ಪಟ' ನನಗಿಷ್ಟ. ಆದರೆ ಅದು ಬೆರಕೆ ಇಲ್ಲದ್ದಕ್ಕೆ. 1912ರಲ್ಲಿ ಶುರುವಾದ ನಮ್ಮೂರ ಕಾರ್ಖಾನೆಯ ರೇಷ್ಮೆಗೆ ಒಪ್ಪುತ್ತದೆ, ಪೋಸ್ಟಿಗೆ ಒಪ್ಪುವುದಿಲ್ಲ. 'ಅಸಲಿ' ಅರಬ್ಬಿ ಮೂಲದ ಮಾತು. ಅದರ ಬೆನ್ನಿಗೇ 'ನಕಲಿ' ನಿಂತಿರುತ್ತದೆ. ನಮ್ಮದು ಅಸಲಿ ಅಂದರೆ ಪಕ್ಕದವರಿಗೆ ಸುಮ್ನೆ ಬೈದ ಹಾಗೆ. ಮಂಡ್ಯದ ಕಡೆ ಕೋಳಿಗೂ ಮೊಟ್ಟೆಗೂ ನಾಟಿ ಅಂತಾರೆ. ನಾಟಿ ಮಾರ್ಕೆಟಿಂಗ್ ಅನ್ನೋಕೆ ಧೈರ್ಯ ಬರಲಿಲ್ಲ.

ನಿಜವಾದ ತೊಡಕು ಬೇರೆ ಇದೆ. ಡಿಸೈನರ್ ಪುಟಗಳಲ್ಲಿ ಮುಗಿದ ಮನೆಯ ಫೋಟೊ ಇರುತ್ತದೆ. ಅದರ ಪಕ್ಕದಲ್ಲೇ ರೆಂಡರ್ ಇರುತ್ತದೆ, ಅಂದರೆ ಇನ್ನೂ ಮಾಡದ ಕೋಣೆಯ ಕಂಪ್ಯೂಟರ್ ಚಿತ್ರ. ಅದರಲ್ಲಿ ಜೋತಾಡುವ ವೈರ್ ಇಲ್ಲ, ಒಲೆಯ ಹಿಂದೆ ಎಣ್ಣೆ ಕಲೆ ಇಲ್ಲ, ಬಿಸಿಲು ಬೇಕಾದ ಕಿಟಕಿಯಿಂದಲೇ ಬೀಳುತ್ತದೆ. ಕುವೆಂಪುನಗರದ ಹಿರಿಯರೊಬ್ಬರು ಅಂಥದೊಂದು ಅಡುಗೆಮನೆ ತೋರಿಸಿ, "ಈ ಮನೆ ಒಂದ್ಸಲ ನೋಡ್ಕೊಂಡು ಬರಬಹುದೇನಮ್ಮ?" ಎಂದು ಕೇಳಿದರು. ನನ್ನ ಗೆಳತಿಗೆ ಮುಖ ಎತ್ತಲಾಗಲಿಲ್ಲ.

ಹಾಗಾಗಿ ವಿಶೇಷಣವನ್ನೇ ಬಿಟ್ಟು, 'ಕೆಲಸವನ್ನು ಇದ್ದದ್ದು ಇದ್ದ ಹಾಗೆ ತೋರಿಸುವುದು' ಎಂದು ಬರೆದೆ. ಇನ್ನೊಬ್ಬ ಗೆಳತಿ ನಕ್ಕು ಗಾದೆ ಮುಗಿಸಿದಳು: ಇದ್ದದ್ದು ಇದ್ದ ಹಾಗೆ ಹೇಳಿದರೆ ಎದ್ದು ಬಂದು ಎದೆಗೆ ಒದ್ದ! ತಲೆಬರಹಕ್ಕೆ ಇದು ಅಪಶಕುನವೇ?

'ಡಿಸೈನರ್' ಅನ್ನು ಹಾಗೇ ಉಳಿಸಿಕೊಂಡಿದ್ದೇನೆ. ವಾಸ್ತುಶಿಲ್ಪಿ ಅಂದರೆ ಆರ್ಕಿಟೆಕ್ಟ್ ಆಗಿಬಿಡುತ್ತದೆ. ಅವರಿಗೆ 1989ರ ವೃತ್ತಿ ನಡವಳಿಕೆ ನಿಯಮಗಳಲ್ಲಿ, ಕೆಲವು ವಿನಾಯಿತಿ ಬಿಟ್ಟರೆ, ಜಾಹೀರಾತಿಗೇ ತಡೆ ಇದೆ.

ಇನ್ನು ರೆಂಡರ್‌ಗೆ ಏನನ್ನುತ್ತೀರಿ? 'ನಕ್ಷೆ' ಪ್ಲಾನಿಗೆ ಹೋಯಿತು. 'ಕಲ್ಪನಾಚಿತ್ರ' ದೆವ್ವದ ಕಥೆಯ ಪುಟದಂತಿದೆ. ನಮ್ಮ ಬಡಗಿಗಳು ಸಲೀಸಾಗಿ 'ತ್ರೀಡಿ' ಅಂತಾರೆ. ಚಿತ್ರದ ಮೂಲೆಯಲ್ಲಿ 'ಇದು ತ್ರೀಡಿ, ಮನೆ ಇನ್ನೂ ಆಗಿಲ್ಲ' ಅಂತ ಹಾಕಿದರೆ ಆ ಹಿರಿಯರಿಗೆ ಅರ್ಥವಾಗುತ್ತಾ? ಇದಕ್ಕಿಂತ ಚಿಕ್ಕದು ಹೊಳೆದರೆ ತಿಳಿಸಿ.