ಖೋ-ಖೋ ಆಡಿದ ಮಕ್ಕಳು ಕೂತೇ ಇದ್ದರು ಅನ್ನುತ್ತಿದೆ ಮೀಟರ್! ಯಾರಾದ್ರೂ ಹೇಳಿ

ಪೀಟಿ_ಮೇಷ್ಟ್ರು:
ತಲೆ ಕೆಟ್ಟು ಹೋಗಿದೆ. ಏಳನೇ ಕ್ಲಾಸಿನ ಮಕ್ಕಳಿಗೆ ಮೈ ಅಲ್ಲಾಡೋದನ್ನು ಅಳೆಯುವ ಮೀಟರ್ ಕಟ್ಟಿ ಒಂದು ವಾರದ ಡೇಟಾ ತೆಗೆದೆ. ಆಟದ ಪೀರಿಯಡ್ ಪೂರ್ತಿ ಖೋ-ಖೋ. ಅಂಗಿ ಬೆವರಿಗೆ ತೊಯ್ದು ಬೆನ್ನಿಗೆ ಅಂಟಿತ್ತು. ಎಕ್ಸೆಲ್‌ನಲ್ಲಿ ನೋಡಿದರೆ ಮಧ್ಯಮ-ತೀವ್ರ ಚಟುವಟಿಕೆ ದಿನಕ್ಕೆ ಮೂರು-ನಾಲ್ಕು ನಿಮಿಷ! ಡಬ್ಲ್ಯುಎಚ್‌ಒ ದಿನಕ್ಕೆ ಸರಾಸರಿ 60 ನಿಮಿಷ ಕೇಳುತ್ತದೆ. ಸಂಶೋಧನೆಯ ಗೈಡ್‌ಗೆ ಏನಂತ ತೋರಿಸಲಿ? ಬ್ಯಾಟರಿ ಸರಿಯಿದೆ.

ಬೆಲ್ಟ್_ಬಸಣ್ಣ:
ಬೆಲ್ಟ್ ಸಡಿಲ. ಬಲಗಡೆ ಸೊಂಟದ ಮೂಳೆ ಮೇಲೆ ಬಿಗಿಯಾಗಿ ಕೂರಬೇಕು.

ಎಕ್ಸೆಲ್_ಅಕ್ಕ:
ಸರ್, ಯಾವ ಮೀಟರ್? ಎಲ್ಲಿಗೆ ಕಟ್ಟಿದಿರಿ? ಎಪಾಕ್, ಅಂದ್ರೆ ಒಂದೊಂದು ಸಾಲಿನ ಅವಧಿ, ಎಷ್ಟು?

ಪೀಟಿ_ಮೇಷ್ಟ್ರು:
ಎಲ್ಲರೂ ಕಟ್ಟೋದೇ ಮೇಡಂ, ಆಕ್ಟಿಗ್ರಾಫ್. ಸೊಂಟಕ್ಕೆ. ಚಲನೆಯ ಎಣಿಕೆ, ಅಂದ್ರೆ ಕೌಂಟ್ಸ್, ಎಷ್ಟು ದಾಟಿದರೆ ಮಧ್ಯಮ, ಎಷ್ಟು ದಾಟಿದರೆ ತೀವ್ರ ಅನ್ನೋದಕ್ಕೆ ಎವೆನ್ಸನ್ ಕಟ್‌ಪಾಯಿಂಟ್.

ಬೆಲ್ಟ್_ಬಸಣ್ಣ:
ಸೊಂಟಕ್ಕೆ ಅಂದ್ರೆ ಬೆಲ್ಟೇ. ಇಲಾಸ್ಟಿಕ್ ಹಳೇದಾಗಿರುತ್ತೆ.

ಓಟಗಾರ_77:
ಚೇಸಿಂಗ್ ತಂಡದ ಒಂಬತ್ತರಲ್ಲಿ ಎಂಟು ಜನ ಕೂತೇ ಇರುತ್ತಾರೆ. ಮೀಟರ್ ಹೇಳಿದ್ದೇ ಸರಿ ಅಲ್ವಾ?

ಪೋಲ್_ಡೈವ್:
ಕೂತಿರೋದಾ! ಒಂದು ಇನ್ನಿಂಗ್ಸ್ ಹಾಗೆ ಕುಕ್ಕರುಗಾಲಲ್ಲಿ ಕೂತು ನೋಡಿ, ತೊಡೆ ಮಾತಾಡುತ್ತೆ. ಆಡದವರು ಸುಮ್ನೆ ಖೋ-ಖೋ ಬಗ್ಗೆ ಬರೀಬೇಡಿ.

ರಾ_ಡೇಟಾ_ರಾಜ:
ಇನ್ನೂ ಕೌಂಟ್ಸ್ ಇಟ್ಟುಕೊಂಡು ಕೂತಿದ್ದೀರಾ? ನಾನು ಮಣಿಕಟ್ಟಿಗೆ ಕಟ್ಟಿ, 100 ಹರ್ಟ್ಜ್‌ನಲ್ಲಿ (ಸೆಕೆಂಡಿಗೆ ನೂರು ಸಲ) ಕಚ್ಚಾ ಡೇಟಾ ತೆಗೆದು, ಜಿಜಿಐಆರ್ ಸಾಫ್ಟ್‌ವೇರ್‌ನಲ್ಲಿ ಓಡಿಸುತ್ತೇನೆ. 64 ಜಿಬಿ ರ್‍ಯಾಮ್.

ಎಕ್ಸೆಲ್_ಅಕ್ಕ:
ಎಪಾಕ್ ಕೇಳಿದ್ದೆ. ಫಾರ್ಮುಲಾ ಏನು ಹಾಕಿದ್ದೀರಿ?

ಪೀಟಿ_ಮೇಷ್ಟ್ರು:
ಒಂದು ಸಾಲು 15 ಸೆಕೆಂಡ್. ಕೌಂಟಿಫ್‌ನಲ್ಲಿ 2296 ಕೌಂಟ್ಸ್ ಮತ್ತು ಮೇಲಿರುವ ಸಾಲುಗಳನ್ನು ಎಣಿಸಿ, ಆಮೇಲೆ ನಿಮಿಷಕ್ಕೆ ತರಲು 4ರಿಂದ ಭಾಗಿಸಿದ್ದೇನೆ. ಇದರಲ್ಲೇನಿದೆ?

ಎಕ್ಸೆಲ್_ಅಕ್ಕ:
ಇದರಲ್ಲೇ ಇದೆ. 2296 ಅನ್ನೋದು ಪೂರ್ತಿ ನಿಮಿಷದ ಲೆಕ್ಕ. ನಿಮ್ಮ ಸಾಲಿಗೆ 574 ಬರಬೇಕು. ಕಾಲು ನಿಮಿಷದಲ್ಲಿ 2296 ದಾಟೋದು ಜೋರು ಓಟಕ್ಕೆ ಮಾತ್ರ. ಹಾಗಂತ 60 ಸೆಕೆಂಡಿನ ಎಪಾಕ್‌ಗೆ ಹೋಗಬೇಡಿ. ಮಕ್ಕಳು ಹತ್ತು ಸೆಕೆಂಡ್ ನುಗ್ಗುತ್ತಾರೆ, ನಿಂತು ಜಡೆ ಬಿಗಿ ಮಾಡಿಕೊಳ್ಳುತ್ತಾರೆ, ಮತ್ತೆ ನುಗ್ಗುತ್ತಾರೆ. ಇಡೀ ನಿಮಿಷ ಸೇರಿಸಿದರೆ ಆ ಓಟವೆಲ್ಲ ಕರಗಿಹೋಗುತ್ತದೆ.

ಬೆಲ್ಟ್_ಬಸಣ್ಣ:
ಬೆಲ್ಟೂ ಒಂದ್ಸಲ ನೋಡಿ.

ಪೀಟಿ_ಮೇಷ್ಟ್ರು:
574 ಹಾಕಿದೆ. ಅಂಕಿ ಮೇಲೆ ಬಂತು. ಆದರೆ ದಿನಾ ದೂರದಿಂದ ಸೈಕಲ್ ತುಳಿದು ಬರುವ ಹುಡುಗಿಯೇ ಪಟ್ಟಿಯಲ್ಲಿ ಕೊನೆ! ಇದು ಹೇಗೆ?

ಎಕ್ಸೆಲ್_ಅಕ್ಕ:
ಸೀಟಿನ ಮೇಲೆ ಕೂತಾಗ ಸೊಂಟ ಅಲ್ಲಾಡೋದು ಕಡಿಮೆ. ಎಷ್ಟು ತುಳಿದರೂ ಆ ಮೀಟರ್‌ಗೆ ಗೊತ್ತಾಗಲ್ಲ. ಮಕ್ಕಳ ಕೈಲಿ ಡೈರಿ ಬರೆಸಿದ್ದೀರಾ?

ರಾ_ಡೇಟಾ_ರಾಜ:
ತೊಡೆಗೆ ಕಟ್ಟಬೇಕಿತ್ತು. ನನ್ನ ಹತ್ರ ತೊಡೆಗೇ ಬೇರೆ ಸೆಟ್ ಇದೆ. ಫೋಟೋ ಹಾಕಲಾ?

ಬೆಲ್ಟ್_ಬಸಣ್ಣ:
ತೊಡೆಗೆ ಕಟ್ಟಿದ್ದು ಇನ್ನೂ ಬೇಗ ಜಾರುತ್ತೆ.