ಸಹಾಯ ಬೇಕು: ಕ್ರಿಯೆ, ಪ್ರತಿಕ್ರಿಯೆ ಸಮವಾಗಿದ್ದರೆ ಬೀರು ಸರಿಯುವುದು ಹೇಗೆ?

ಎಲ್ಲರಿಗೂ ನಮಸ್ಕಾರ. ನ್ಯೂಟನ್ 1687ರಲ್ಲಿ ಪ್ರಕಟಿಸಿದ ಚಲನೆಯ ನಿಯಮಗಳಲ್ಲಿ ಮೂರನೆಯದನ್ನು ಪ್ರೌಢಶಾಲೆಯ ಮಕ್ಕಳಿಗೆ ಮನದಟ್ಟು ಮಾಡಿಸಲು ನಿಮ್ಮ ನೆರವು ಕೋರುತ್ತಿದ್ದೇನೆ. ನಾವು ಬೀರುವನ್ನು ತಳ್ಳಿದಷ್ಟೇ ಬಲದಿಂದ ಅದೂ ನಮ್ಮನ್ನು ಹಿಂದಕ್ಕೆ ತಳ್ಳುವುದಾದರೆ, ಎರಡೂ ಬಲಗಳು ರದ್ದಾಗಿ ಬೀರು ಕದಲಲೇಬಾರದಲ್ಲವೇ ಎಂದು ಅವರು ಕೇಳುತ್ತಾರೆ, ಪ್ರಶ್ನೆಯೇನೋ ನ್ಯಾಯವಾದದ್ದೇ. ಈ ಬಲಗಳು ಬೇರೆ ಬೇರೆ ವಸ್ತುಗಳ ಮೇಲೆ ವರ್ತಿಸುವುದರಿಂದ ರದ್ದಾಗುವುದಿಲ್ಲವೆಂದೂ, ನಮ್ಮ ತಳ್ಳುವಿಕೆಯು ನೆಲದ ಸ್ಥಿತ ಘರ್ಷಣೆಯ (ನಿಂತ ವಸ್ತುವನ್ನು ಜಾರದಂತೆ ತಡೆಯುವ ಬಲದ) ಮಿತಿಯನ್ನು ಮೀರಿದಾಗ ಮಾತ್ರ ಬೀರು ಸರಿಯುತ್ತದೆಂದೂ ವಿವರಿಸಿದ್ದೇನೆ. ಒಂದಕ್ಕೊಂದು ಸಿಕ್ಕಿಸಿ ಎಳೆದ ಎರಡು ಸ್ಪ್ರಿಂಗ್ ತಕ್ಕಡಿಗಳು ಒಂದೇ ಅಳತೆಯನ್ನು ತೋರುವುದರಿಂದ ಬಲಗಳು ಸಮವೆಂಬುದು ಸುಲಭವಾಗಿ ತಿಳಿಯುತ್ತದೆ. ಆದರೆ ಅವು ಎರಡು ಪ್ರತ್ಯೇಕ ವಸ್ತುಗಳ ಮೇಲಿವೆ ಎಂಬುದನ್ನು ಕಣ್ಣಿಗೆ ಕಾಣುವಂತೆ ತೋರಿಸುವ ಸರಳ ಪ್ರಯೋಗವೇನಾದರೂ ಇದ್ದರೆ, ಬೇಕಾಗುವ ಸಾಮಗ್ರಿಗಳ ಸಮೇತ ದಯವಿಟ್ಟು ತಿಳಿಸಿ.